ಹಳೆಯ ವಿಳಾಸ ಹಿಡಿದು ಬಂದವರಿಗೆ

ಬೆಳಗಿನ ಐದಕ್ಕೆ ಇನ್ನೂ ಎರಡು ನಿಮಿಷ. ಕಚೇರಿಯ ದೊಡ್ಡ ಗೇಟಿನೊಳಗಿನ ಚಿಕ್ಕ ಬಾಗಿಲು ಕಿರ್ರೆನ್ನುತ್ತದೆ. ಕುರ್ಚಿಯಲ್ಲಿ ಕಂಬಳಿ ಹೊದ್ದು ಕುಳಿತ ಕಾವಲುಗಾರ ಕಣ್ಣು ತೆರೆಯದೆಯೇ ಕೇಳುತ್ತಾರೆ: "ಬಂದ್ರಾ ಕೋಳಿಯಕ್ಕ? ನಿಜವಾದ ಕೋಳಿ ಇನ್ನೂ ಕೂಗೇ ಇಲ್ವಲ್ಲ!"

"ನಾನಿದ್ದೀನಿ ಅಂತ ಅದು ಕೆಲಸ ಬಿಟ್ಟಿದೆ ಅಣ್ಣ. ನಿಮ್ಮನ್ನ ನೋಡಿದ್ರೆ ನೀವೂ ಬಿಟ್ಟಂಗಿದೆ."

ಕಂಬಳಿ ನಗುತ್ತದೆ. ಕೋಳಿಯಕ್ಕ ಮೆಟ್ಟಿಲ ಕೆಳಗಿನ ಕೋಣೆಯ ಬೀಗ ತೆಗೆಯುತ್ತಾರೆ. ಎದ್ದು ನಿಂತರೆ ತಲೆಗೆ ತಾಗುವ ಇಳಿಜಾರು ಸೂರು. ಒಂದು ಮೇಜು, ಅದರ ಮೋಟು ಕಾಲಿನ ಕೆಳಗೆ ನಾಲ್ಕು ಮಡಿಕೆ ಮಾಡಿಟ್ಟ ರಟ್ಟು, ಒಂದು ಕಂಪ್ಯೂಟರ್ ಪರದೆ, ಸ್ಟೀಲಿನ ನೀರಿನ ಬಾಟಲಿ. ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಕೂರುತ್ತಾರೆ. ಇಂದು ಸೋಮವಾರ. ಆರು ಗಂಟೆಗೆ ಈ ಕಚೇರಿಯ ಹೊಸ ಜಾಲತಾಣ ಶುರುವಾಗುತ್ತದೆ. ಹಳೆಯ ವಿಳಾಸ ಹಿಡಿದು ಬಂದವರೆಲ್ಲ ತಮ್ಮ ಪುಟಕ್ಕೇ ತಲುಪುತ್ತಾರೆಂದು ಅಷ್ಟರೊಳಗೆ ಈಕೆ ತೋರಿಸಿಕೊಡಬೇಕು. ಒಂದು ವಿಳಾಸ ದಾರಿ ತಪ್ಪಿದರೂ ಹತ್ತೊಂಬತ್ತು ವರ್ಷ ಕೂಡಿಟ್ಟ ಕಡತವನ್ನು ಅಳಿಸಿ, ಆ ಜಾಗದಲ್ಲಿ ಒಂದೇ ಒಂದು ಸಾಲು ಕೂರಿಸಲಾಗುತ್ತದೆ: 'ಹಳೆಯದೇನು ಬಂದರೂ ಮುಖಪುಟಕ್ಕೆ ಕಳಿಸು.'

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಇದು ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡುವ ಕಚೇರಿ. ಕಾರ್ಖಾನೆಯಲ್ಲಿ ಬೆರಳು ಹೋದವರು, ಕಣ್ಣಿಗೆ ಕಿಡಿ ಹಾರಿದವರು, ಆಸಿಡ್ ಚೆಲ್ಲಿಕೊಂಡವರು ಮೂವತ್ತು ದಿನದೊಳಗೆ ಇಲ್ಲಿಗೆ ಅರ್ಜಿ ಹಾಕಬೇಕು. ಒಂದು ದಿನ ದಾಟಿದರೆ ಕಿಟಕಿ ಮುಚ್ಚುತ್ತದೆ. ಯಾವ ಗಾಯಕ್ಕೆ ಯಾವ ಫಾರಂ, ಅದು ಯಾವ ವಿಳಾಸದಲ್ಲಿದೆ ಎಂಬುದನ್ನು ಪ್ರತಿ ಕೆಲಸದ ಜಾಗದ ಗೋಡೆಯ ಮೇಲೆ ಹಾಕಬೇಕೆಂದು ಕಾನೂನಿದೆ. ಹಾಕಿದ್ದಾರೆ. ಒಂದು ಸಲ. ಹತ್ತು ವರ್ಷದ ಹಿಂದೆ, ಹದಿನೈದು ವರ್ಷದ ಹಿಂದೆ, ತಗಡಿನ ಮೇಲೆ ಬಣ್ಣದಲ್ಲಿ ಬರೆಸಿ, ಕೈತೊಳೆಯುವ ತೊಟ್ಟಿಯ ಪಕ್ಕ ಮೊಳೆ ಹೊಡೆದು ಮರೆತಿದ್ದಾರೆ. ಜಾಲತಾಣ ಮಾತ್ರ ಈ ನಡುವೆ ನಾಲ್ಕು ಸಲ ಬಟ್ಟೆ ಬದಲಾಯಿಸಿದೆ. ಹೊಸ ಅಧಿಕಾರಿ ಬಂದಾಗಲೆಲ್ಲ ಹೊಸ ಬಣ್ಣ, ಹೊಸ ಚಿತ್ರ, ಹೊಸ ವಿಳಾಸ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಹೂವು. ಗೋಡೆಯ ಮೇಲಿನ ತಗಡನ್ನು ಬದಲಾಯಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆ ಗೋಡೆಯ ಮುಂದೆ ಅವರ್ಯಾರೂ ಕೈ ತೊಳೆಯುವುದಿಲ್ಲವಲ್ಲ.

ದಿನಕ್ಕೆ ಸುಮಾರು ಒಂಬತ್ತು ಸಾವಿರ ಜನ ಈ ತಾಣದ ಬಾಗಿಲು ತಟ್ಟುತ್ತಾರೆ. ಅವರಲ್ಲಿ ಎರಡು ಸಾವಿರದ ಮುನ್ನೂರು ಮಂದಿಯ ಕೈಯಲ್ಲಿರುವುದು ಹಳೆಯ ವಿಳಾಸ. ಅವರನ್ನು ಸರಿಯಾದ ಪುಟಕ್ಕೆ ಮುಟ್ಟಿಸುವುದು ಕೋಳಿಯಕ್ಕನ ಕಡತ.

ಅದು ಕೆಲಸ ಮಾಡುವ ಬಗೆಯನ್ನು ಅವರು ಹೇಳುವುದು ಹೀಗೆ: "ಫೋನಲ್ಲಿ ವಿಳಾಸ ಒತ್ತಿದ ತಕ್ಷಣ ಸರ್ವರ್ ಪುಟ ಹುಡುಕಲ್ಲ. ಮೊದಲು ನನ್ನ ಪಟ್ಟಿ ಓದತ್ತೆ, ಮೇಲಿಂದ ಕೆಳಗೆ. ಒಂದೊಂದು ಸಾಲಲ್ಲೂ ಎರಡು ಮಾತು. ಎಡಗಡೆ, 'ಬಂದಿರೋ ವಿಳಾಸ ಹೀಗಿದ್ರೆ' ಅಂತ. ಬಲಗಡೆ, 'ಇಲ್ಲಿಗೆ ಕಳಿಸು' ಅಂತ. ಹೊಂದಿದ ಮೊದಲನೇ ಸಾಲಲ್ಲೇ ನಿಲ್ಲತ್ತೆ, ಮುಂದಕ್ಕೆ ನೋಡಲ್ಲ. ಅದಕ್ಕೇ ಯಾವುದು ಮೇಲೆ, ಯಾವುದು ಕೆಳಗೆ ಅನ್ನೋದೇ ಇಲ್ಲಿ ಬದುಕು."

ಕಳಿಸುವುದರಲ್ಲೂ ಎರಡು ರೀತಿ. ಒಂದರಲ್ಲಿ ಸರ್ವರ್ ಬಾಯಿ ಬಿಡದೆ, ಹಳೆಯ ವಿಳಾಸದಲ್ಲೇ ಹೊಸ ಪುಟ ತಂದುಕೊಡುತ್ತದೆ. ಬಂದವರಿಗೆ ಏನೂ ಗೊತ್ತಾಗುವುದಿಲ್ಲ. ಇನ್ನೊಂದರಲ್ಲಿ 'ಆ ಮನೆ ಖಾಲಿ ಆಯ್ತಪ್ಪ, ಇನ್ಮೇಲೆ ಇಲ್ಲಿಗೆ ಬಾ' ಎಂದು ಹೇಳಿ ಕಳಿಸುತ್ತದೆ, ಫೋನಿನಲ್ಲೂ ಹೊಸ ವಿಳಾಸ ಕಾಣುತ್ತದೆ. ಒಂದು ನಿಯಮ ಅಲ್ಲಿಗೆ ಕಳಿಸಿ, ಅಲ್ಲಿನ ನಿಯಮ ಮತ್ತೆ ಇಲ್ಲಿಗೇ ಕಳಿಸಿದರೆ? "ಸುತ್ತತ್ತೆ. ಹತ್ತು ಸುತ್ತು ಸುತ್ತಿ, 'ನನ್ನ ಕೈಲಾಗಲ್ಲ' ಅಂತ ನಿಂತುಬಿಡತ್ತೆ," ಎಂದು ಹೇಳಿ ಕೋಳಿಯಕ್ಕ ಮೇಲಿನ ಮಹಡಿಯ ಕಡೆ ಕಣ್ಣು ಹಾಯಿಸುತ್ತಾರೆ. "ಯಂತ್ರಕ್ಕೆ ಹತ್ತನೇ ಸುತ್ತಿಗಾದ್ರೂ ನಾಚಿಕೆ ಆಗತ್ತೆ. ಮೇಲ್ಗಡೆ ಕೌಂಟರುಗಳಿಗೆ ಆಗಲ್ಲ."

ಈ ಮೆಟ್ಟಿಲ ಕೋಣೆ ಒಂದು ಕಾಲಕ್ಕೆ ಪೊರಕೆ, ಬಕೆಟ್ಟು ಇಡುವ ಜಾಗ. ಇದರ ಬೀಗದ ಕೈ ಆಗ ಇದ್ದದ್ದು ಕೋಳಿಯಕ್ಕನ ಅಮ್ಮನ ಸೊಂಟದಲ್ಲಿ. ಅಮ್ಮ ಇಪ್ಪತ್ತೆಂಟು ವರ್ಷ ಈ ಕಚೇರಿಯ ಮೆಟ್ಟಿಲು ಗುಡಿಸಿದವರು. ಕೌಂಟರುಗಳು ಮಹಡಿಯಿಂದ ಮಹಡಿಗೆ ಓಡಾಡುತ್ತಿದ್ದ ಕಾಲ ಅದು. ಕೈಗೆ ಬಟ್ಟೆ ಸುತ್ತಿಕೊಂಡು ಬಂದವರು ಗುಮಾಸ್ತರನ್ನು ಕೇಳಿ ಕೇಳಿ ಸುಸ್ತಾಗಿ, ಕೊನೆಗೆ ಗುಡಿಸುವವಳನ್ನು ಕೇಳುತ್ತಿದ್ದರು. ಅಮ್ಮ ಬೆನ್ನು ಎತ್ತದೆ, ಪೊರಕೆಯ ತುದಿಯಿಂದ ತೋರಿಸುತ್ತಿದ್ದರು: ಎಡಕ್ಕೆ, ಮೇಲಕ್ಕೆ, ಮೂರನೇ ಬಾಗಿಲು. ಈಗ ಮನೆಯಲ್ಲಿ ಮಂಡಿ ನೀವಿಕೊಳ್ಳುತ್ತಾ ಮಗಳನ್ನು ಕೆಣಕುತ್ತಾರೆ: "ನನ್ನ ಪೊರಕೆ ಕೋಣೇಲಿ ಕೂತ್ಕೊಂಡು ನನ್ನ ಕೆಲಸಾನೇ ಮಾಡ್ತಿದೀಯ ಕಣೇ. ನಿಂಗೆ ಫ್ಯಾನಿದೆ, ನಂಗಿರ್ಲಿಲ್ಲ. ಅಷ್ಟೇ ಬದಲಾಗಿದ್ದು."

ಅಷ್ಟೇ ಬದಲಾಗಿದ್ದು ನಿಜ. ಅಮ್ಮ ದಿನಗೂಲಿ, ಮಗಳು ಗುತ್ತಿಗೆ. ಹನ್ನೊಂದು ತಿಂಗಳಿಗೊಮ್ಮೆ ಕೆಲಸದಿಂದ ತೆಗೆದು, ಹನ್ನೆರಡನೆಯ ತಿಂಗಳು ಮತ್ತೆ ಸೇರಿಸಿಕೊಳ್ಳುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರು ಇಂದಿಗೂ 'ಡೇಟಾ ಎಂಟ್ರಿ'. ಮೊದಲ ಜಾಲತಾಣ ಮಾಡಿಕೊಟ್ಟ ಕಂಪನಿ ಬಿಟ್ಟುಹೋದ ಒಂದು ದಪ್ಪ ಕೈಪಿಡಿಯನ್ನು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಎರಡು ವರ್ಷ ಓದಿ ಈ ವಿದ್ಯೆ ಕಲಿತರು. ಇಂಥವರನ್ನು ಎಲೆಮರೆಯ ಕಾಯಿ ಎಂದು ಹೊಗಳಿ ಕೈತೊಳೆದುಕೊಳ್ಳುವುದು ನಮಗೆ ಸುಲಭ. ಎಲೆ ತಾನಾಗಿ ಬೆಳೆದು ಮರೆಮಾಡುವುದು ಗಿಡದಲ್ಲಿ. ಕಚೇರಿಯಲ್ಲಿ ಅದನ್ನು ಯಾರೋ ಕೈಯಲ್ಲಿ ಹಿಡಿದು ನಿಂತಿರುತ್ತಾರೆ.

ಹೊಗಳಿಕೆ ಅವರಿಗೂ ಬೇಡ. ಹೊಗಳಲು ಹೋದರೆ ತಮ್ಮ ತಪ್ಪಿನ ಕಥೆ ತೆಗೆಯುತ್ತಾರೆ.

ಎಂಟು ವರ್ಷದ ಹಿಂದಿನ ಮಾತು. ಹಳೆಯ ತಾಣದಲ್ಲಿ ಏಳನೇ ಫಾರಂ ಎಂದರೆ ಕಾರ್ಮಿಕ ಸತ್ತಾಗ ಮನೆಯವರು ತುಂಬುವುದು. ಎಪ್ಪತ್ತೊಂದು ಬೆರಳಿಗೆ, ಎಪ್ಪತ್ತೆರಡು ಕೈಗೆ, ಎಪ್ಪತ್ತಮೂರು ಕಣ್ಣಿಗೆ. ಒಂದು ಬೆಳಿಗ್ಗೆ ಅವಸರದಲ್ಲಿ ಕೋಳಿಯಕ್ಕ ಏಳನೇ ಫಾರಮ್ಮಿನ ಹೊಸ ಜಾಗಕ್ಕೆ ನಿಯಮ ಬರೆದು ಪಟ್ಟಿಯ ನೆತ್ತಿಯ ಮೇಲೆ ಇಟ್ಟರು. 'ಏಳು ಬಂದು, ಅಲ್ಲಿಗೇ ಮುಗಿದರೆ' ಎಂದು ಬರೆಯಬೇಕಿತ್ತು. 'ಏಳರಿಂದ ಶುರುವಾದರೆ' ಎಂದಷ್ಟೇ ಬರೆದರು. ಅಂಕೆಯಲ್ಲಿ ಬರೆದರೆ ಎಪ್ಪತ್ತೊಂದೂ ಏಳರಿಂದಲೇ ಶುರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಆ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕುಳಿತಿದ್ದರು. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಕಾಜಾ, ಅಂದರೆ ಗುಂಡಿಮನೆ ಹೊಲಿಯುವವರು. ಗಂಡನ ಎರಡು ಬೆರಳು ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿ, ಅವನು ಮೇಲಿನ ವಾರ್ಡಿನಲ್ಲಿ ಮಲಗಿದ್ದ. ಅಲ್ಲಿನ ಗೋಡೆಯ ಮೇಲಿದ್ದ ಎಪ್ಪತ್ತೊಂದರ ವಿಳಾಸವನ್ನು ಫೋನಿನಲ್ಲಿ ಒತ್ತಿದರು. ಪುಟ ತೆರೆಯಿತು: 'ಮೃತ ಕಾರ್ಮಿಕನ ಹೆಸರು. ಮರಣದ ದಿನಾಂಕ.'

ತನಗೆ ಹೇಳುವ ಮೊದಲೇ ಡಾಕ್ಟರು ಕಚೇರಿಗೆ ಹೇಳಿಬಿಟ್ಟಿದ್ದಾರೆ ಎಂದುಕೊಂಡರು ಆಕೆ. ಮೂರು ಮಹಡಿ ಓಡಿ ಹತ್ತಿದರು. ಗಂಡ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಉಸಿರು ಸರಿಹೋದ ಮೇಲೆ ಕಚೇರಿಗೆ ಫೋನು ಮಾಡಿದರು. ಕರೆ ಆರು ಮೇಜು ಸುತ್ತಿ ಮೆಟ್ಟಿಲ ಕೋಣೆಗೆ ಬಂತು.

"ನನ್ನ ಗಂಡ ಬದುಕಿದಾನೆ ಕಣ್ರೀ! ನಿಮ್ಮ ಕಂಪ್ಯೂಟರ್ ಯಾಕೆ ಕೊಲ್ತು ಅವನ್ನ?"

"ತಪ್ಪು ನಂದು," ಎಂದರು ಕೋಳಿಯಕ್ಕ. ಆ ಕಡೆ ಬೈಗುಳ ಪಕ್ಕನೆ ನಿಂತಿತು. ಆ ಕಚೇರಿಯಿಂದ ಯಾರಾದರೂ ಹಾಗೆನ್ನಬಹುದೆಂದು ಆಕೆ ಎಣಿಸಿಯೇ ಇರಲಿಲ್ಲ.

ಮರುದಿನ ಕೋಳಿಯಕ್ಕ ಆಸ್ಪತ್ರೆಗೇ ಹೋಗಿ ಕೂತು, ಸರಿಯಾದ ಫಾರಂ ತುಂಬಿಸಿಕೊಟ್ಟರು. ಅಲ್ಲಿಂದ ಶುರುವಾಯಿತು ಬೇರೆಲ್ಲೂ ಇಲ್ಲದ ಒಂದು ಪದ್ಧತಿ. ಆ ಹೆಂಗಸು, ಎಲ್ಲರ ಬಾಯಲ್ಲಿ 'ಗುಂಡಿಮನೆಯವರು', ಭಾನುವಾರದ ಓದು ಬಳಗದ ಸದಸ್ಯೆ. ಹದಿನೈದು ಇಪ್ಪತ್ತು ಹೆಂಗಸರು ಒಂದು ಬಾಡಿಗೆ ಕೋಣೆಯಲ್ಲಿ ಚಾಪೆ ಹಾಸಿ ಕೂತು ಪತ್ರಿಕೆ, ಕಾನೂನಿನ ಪುಸ್ತಿಕೆ, ಕಥೆ ಓದುತ್ತಾರೆ. ಕೋಳಿಯಕ್ಕ ಅಲ್ಲಿಗೆ ವಾರದ 'ಸಿಗಲಿಲ್ಲ' ಪಟ್ಟಿ ಒಯ್ಯತೊಡಗಿದರು. ಯಾರೋ ಕೇಳಿ, ಸರ್ವರ್ ಇಲ್ಲವೆಂದ ವಿಳಾಸಗಳು. ಒಂದೊಂದೇ ಓದುತ್ತಾರೆ: "ಇದನ್ನ ಎಲ್ಲಾದ್ರೂ ಕಂಡಿದೀರಾ?"

"ಓ, ಅದು ನಮ್ಮ ಕ್ಯಾಂಟೀನು ಫ್ರಿಜ್ಜಿನ ಹಿಂದಿದೆ ಕಣಕ್ಕ. ಅರ್ಧ ಜಿರಲೆ ತಿಂದಿದೆ."

ಹಾಗೆ ಗೊತ್ತಾದ ಮೇಲೆ ನಿಯಮ. ಪ್ರತಿ ನಿಯಮದ ನೆತ್ತಿಯಲ್ಲಿ, ಸರ್ವರ್ ಓದದ ಒಂದು ಟಿಪ್ಪಣಿ ಸಾಲು: 'ಪ್ರೆಸ್ ಶಾಪ್, ಕೈತೊಳೆಯುವ ತೊಟ್ಟಿಯ ಎಡಕ್ಕೆ, ತಗಡು.' 'ಆಸ್ಪತ್ರೆ, ನೆಲಮಹಡಿ ಮೆಟ್ಟಿಲು.' ಹೀಗೆ ನಾಲ್ಕು ಸಾವಿರದ ಆರುನೂರ ಹದಿನೆಂಟು ನಿಯಮ, ಅಷ್ಟೇ ಟಿಪ್ಪಣಿ. ಕಡತಕ್ಕೆ ಏನು ತಿದ್ದಿದರೂ ಬಳಗದ ಏಳು ಮಂದಿ ತಮ್ಮ ತಮ್ಮ ಗೋಡೆಯ ವಿಳಾಸ ಒತ್ತಿ ನೋಡಿ ಫೋನು ಮಾಡಬೇಕು. ಅವರನ್ನು 'ಬಾಗಿಲು ತಟ್ಟೋರು' ಎನ್ನುತ್ತಾರೆ. ಅದೂ ಬೆಳಗಿನ ಆರರೊಳಗೆ; ಆರಕ್ಕೆ ಮೊದಲ ಪಾಳಿ ಶುರು, ಯಂತ್ರ ಶುರು, ಗಾಯ ಶುರು.

ಮೂರು ವಾರದ ಹಿಂದೆ ಹೊಸ ಕಂಪನಿಯ ಎಂಜಿನಿಯರ್ ಈ ಕೋಣೆಗೆ ಬಂದ. ಸೂರಿಗೆ ತಲೆ ಬಡಿಸಿಕೊಂಡ. ಒಳ್ಳೆಯ ಹುಡುಗನೇ. "ಮೇಡಂ, ನಾವು ಬಾಡಿಗೆಗೆ ತಗೊಂಡಿರೋ ಸರ್ವರಲ್ಲಿ ಇಂಥ ಸಾಲು ಸಾವಿರಕ್ಕಿಂತ ಜಾಸ್ತಿ ಹಿಡಿಯಲ್ಲ. ಟಿಪ್ಪಣಿನೂ ಅದರಲ್ಲೇ ಬರತ್ತೆ. ಸುಮ್ನೆ ಒಂದೇ ಸಾಲು ಹಾಕಿ, ಎಲ್ಲಾ ಮುಖಪುಟಕ್ಕೆ ಕಳಿಸೋಣ. ಅಲ್ಲಿಂದ ಹುಡುಕ್ಕೋತಾರೆ."

"ಎಡಗೈಯಲ್ಲಿ ಫೋನು ಹಿಡ್ಕೊಂಡು, ಬಲಗೈಗೆ ಬ್ಯಾಂಡೇಜು ಹಾಕ್ಕೊಂಡು ಒಂದ್ಸಲ ಹುಡುಕಿ ನೋಡಪ್ಪ."

ಅವನು ತನ್ನ ಬಲಗೈ ನೋಡಿಕೊಂಡ. ಮೇಲಿನ ಅಧಿಕಾರಿ ಮಾತ್ರ ಬಿಡಲಿಲ್ಲ. "ಏನಮ್ಮಾ, ಹಳೇ ತಗಡು ಯಾರು ನೋಡ್ತಾರೆ ಈ ಕಾಲದಲ್ಲಿ?" ದಿನಕ್ಕೆ ಎರಡು ಸಾವಿರದ ಮುನ್ನೂರು ಜನ ಎಂಬ ಹಾಳೆಯನ್ನು ಕೋಳಿಯಕ್ಕ ಮುಂದಿಟ್ಟರು. ಅಧಿಕಾರಿ ಅದನ್ನು ಓದದೆ ಪಕ್ಕಕ್ಕೆ ಸರಿಸಿ, "ಆಯ್ತು. ಸಾವಿರದೊಳಗೆ ತನ್ನಿ. ಸೋಮವಾರ ಆರಕ್ಕೆ ಒಂದೇ ಒಂದು ತಪ್ಪಿದ್ರೂ ಒಂದೇ ಸಾಲು," ಎಂದರು.

ಸಾವಿರದೊಳಗೆ ತರಲು ದಾರಿಯಿತ್ತು. ಆ ದಾರಿಯ ಭಯವೂ ಇತ್ತು. ಹಳೆಯ ತಾಣದಲ್ಲಿ ಹನ್ನೆರಡು ವಲಯ, ವಲಯಕ್ಕೆ ತೊಂಬತ್ತು ಫಾರಂ. ಒಂದೊಂದಕ್ಕೆ ಒಂದೊಂದು ಸಾಲೆಂದರೆ ಸಾವಿರದ ಎಂಬತ್ತು. ಇದನ್ನೇ ಒಂದು ಸಾಲಿನಲ್ಲಿ ಹೇಳಬಹುದು: ವಲಯದ ಜಾಗದಲ್ಲಿ ಯಾವ ಅಂಕೆ ಬಂದರೂ ಎಡಗೈಯಲ್ಲಿ ಹಿಡಿದುಕೋ, ಫಾರಮ್ಮಿನ ಜಾಗದಲ್ಲಿ ಯಾವ ಅಂಕೆ ಬಂದರೂ ಬಲಗೈಯಲ್ಲಿ ಹಿಡಿದುಕೋ, ಎರಡನ್ನೂ ಒಯ್ದು ಹೊಸ ವಿಳಾಸದಲ್ಲಿ ಇಳಿಸು. ಅಗಲವಾಗಿ ಬಾಯಿ ತೆರೆದ ನಿಯಮ. ಆದರೆ ಏಳನೇ ಫಾರಮ್ಮಿನ ದಿನ ಗುಂಡಿಮನೆಯವರ ಗಂಡನನ್ನು 'ಕೊಂದದ್ದೂ' ಅಗಲ ಬಾಯಿಯ ನಿಯಮವೇ. ಅಂದಿನಿಂದ ಎಂಟು ವರ್ಷ ಕೋಳಿಯಕ್ಕ ಒಂದೊಂದು ಬಾಗಿಲಿಗೂ ಒಂದೊಂದೇ ಸಾಲು ಬರೆದದ್ದು ಸೋಮಾರಿತನದಿಂದಲ್ಲ, ಹೆದರಿಕೆಯಿಂದ.

"ಹೆದರ್ಕೊಂಡೇ ಬರೆದೆ," ಎನ್ನುತ್ತಾರೆ. "ಐದನೇ ವಲಯದಲ್ಲಿ ಎರಡು ವರ್ಷ ಯಾರೋ ಎಪ್ಪತ್ತಮೂರನ್ನ ಕಣ್ಣಿನ ಬದಲು ಸುಟ್ಟಗಾಯಕ್ಕೆ ಇಟ್ಟಿದ್ರು. ಅಂಥ ವಿಚಿತ್ರಗಳು ಎಷ್ಟೋ ಇವೆ. ಅವನ್ನೆಲ್ಲಾ ಅಗಲ ನಿಯಮಕ್ಕಿಂತ ಮೇಲೆ ಇಡ್ಬೇಕು. ಕುಂಟೋರು ಮುಂದೆ, ಓಡೋರು ಹಿಂದೆ. ಓಡೋರನ್ನ ಮುಂದೆ ಬಿಟ್ರೆ ಅವರೇ ಎಲ್ಲಾರ ಪಾಲೂ ಎತ್ಕೊಂಡು ಹೋಗ್ತಾರೆ, ಕುಂಟೋರ ಸರದಿ ಬರೋದೇ ಇಲ್ಲ."

ಈ ಮಾತನ್ನು ಬರೆಸಿ ಮೇಲಿನ ಮಹಡಿಯಲ್ಲಿ ಮೊಳೆ ಹೊಡೆಯಬೇಕು. ತಗಡಿನ ಮೇಲಾದರೂ ಸರಿ.

ಟಿಪ್ಪಣಿಗಳನ್ನು ಕಡತದಿಂದ ತೆಗೆಯಬೇಕಾದಾಗ ಬಳಗದ ಹೆಂಗಸರು ಒಂದು ಉದ್ದನೆಯ ನೋಟುಪುಸ್ತಕ ತಂದರು. ಸರದಿಯ ಮೇಲೆ ಕೂತು, ನಾಲ್ಕು ಸಾವಿರದ ಆರುನೂರ ಹದಿನೆಂಟು ಸಾಲು ಗೋಡೆಗುರುತನ್ನು ಕೈಯಲ್ಲಿ ನಕಲು ಮಾಡಿದರು. ಶನಿವಾರದ ಹೊತ್ತಿಗೆ ಕಡತ ಸಾವಿರದ ಹನ್ನೆರಡಕ್ಕೆ ಇಳಿದಿತ್ತು. ಆಮೇಲೆ ಒಂದಿಂಚೂ ಇಳಿಯಲಿಲ್ಲ. ಉಳಿದವೆಲ್ಲ ಯಾರ ಜೊತೆಗೂ ಸೇರದ ಒಂಟಿಗಳು. ಯಾವನೋ ಗುಮಾಸ್ತ ಪುಟಕ್ಕೆ 'ಹೊಸದು-ಕೊನೆಯದು-2' ಎಂದು ಹೆಸರಿಟ್ಟಿದ್ದ. ಅದನ್ನು ಯಾವ ಗುಂಪಿಗೆ ಸೇರಿಸುವುದು?

ಹನ್ನೆರಡು ಬಾಗಿಲು ಮುಚ್ಚಬೇಕು. ಯಾರ ಹನ್ನೆರಡು? ಭಾನುವಾರ ಚಾಪೆಯ ಮೇಲೆ ಕೋಳಿಯಕ್ಕ ಇದನ್ನು ಕೇಳಿ ಅತ್ತರು ಎಂದು ಗುಂಡಿಮನೆಯವರು ಹೇಳುತ್ತಾರೆ. "ಅತ್ತಿಲ್ಲ, ನೆಗಡಿ," ಎನ್ನುತ್ತಾರೆ ಕೋಳಿಯಕ್ಕ.

ಆಗ ನೋಟುಪುಸ್ತಕ ತಿರುವುತ್ತಿದ್ದ ಗುಂಡಿಮನೆಯವರೇ ಕೇಳಿದರು: "ಅಕ್ಕ, ಇದರಲ್ಲಿ ಕೆಲವು ವಿಳಾಸಕ್ಕೆ ಒಂದೇ ಗೋಡೆ ಇದೆಯಲ್ಲ. ಊರೆಲ್ಲಾ ಸೇರಿ ಒಂದೇ. ಅಂಥವು ಹನ್ನೆರಡು ಸಿಕ್ರೆ, ಸರ್ವರಲ್ಲಿ ಯಾಕೆ ತಿದ್ದಬೇಕು? ಗೋಡೇನೇ ತಿದ್ದೋಣ."

ಎಲ್ಲರೂ ಪುಸ್ತಕದ ಮೇಲೆ ಬಗ್ಗಿ ಅಂಥ ಹನ್ನೆರಡನ್ನು ಹುಡುಕಿದರಂತೆ. ಆಮೇಲೆ ಒಬ್ಬರು ಕತ್ತರಿ ತಂದರು, ಒಬ್ಬರು ಅಂಟು ತಂದರು. ಹೊಸ ವಿಳಾಸವನ್ನು ದಪ್ಪ ಅಕ್ಷರದಲ್ಲಿ ಬರೆದ ಹನ್ನೆರಡು ಚೀಟಿ. ಸಂಜೆಯೊಳಗೆ ಹನ್ನೊಂದು ಗೋಡೆ ಮುಗಿಯಿತು. ಸರ್ಕಾರ ಹತ್ತೊಂಬತ್ತು ವರ್ಷದಲ್ಲಿ ಮಾಡದ್ದನ್ನು ಅವರು ಒಂದು ರಜೆಯ ಮಧ್ಯಾಹ್ನ, ಬಸ್ಸು ಹತ್ತಿ ಇಳಿದು ಮಾಡಿದರು. ಹನ್ನೆರಡನೆಯದು ವೆಲ್ಡಿಂಗ್ ಶೆಡ್ಡು. ಭಾನುವಾರ ಬೀಗ. ಅಲ್ಲಿ ಕಸ ಗುಡಿಸುವ ಸದಸ್ಯೆ, "ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಾಗಿಲು ತೆಗೆಯೋಳು ನಾನೇ, ಬಿಡಿ," ಎಂದು ಚೀಟಿಯನ್ನು ರವಿಕೆಗೆ ಸಿಕ್ಕಿಸಿಕೊಂಡರು.

ಹಾಗೆ ಈಗ, ಸೋಮವಾರ, ಐದೂವರೆ. ಹೊಸ ಸರ್ವರ್ ಪರೀಕ್ಷೆಗೆ ತೆರೆದಿದೆ. ಕಡತದಲ್ಲಿ ಸರಿಯಾಗಿ ಸಾವಿರ ಸಾಲು. ಮೇಜಿನ ಮೇಲಿನ ಫೋನು ಗುಂಯ್‌ಗುಡುತ್ತದೆ.

"ಪ್ರೆಸ್ ಶಾಪ್, ಬಂತಕ್ಕ." "ಕ್ಯಾಂಟೀನು ಗೋಡೆ, ಬಂತು. ಜಿರಲೇನೂ ಬಂತು." ಕೋಳಿಯಕ್ಕ ಒಂದೊಂದಕ್ಕೂ ಹಾಳೆಯಲ್ಲಿ ಗೆರೆ ಎಳೆಯುತ್ತಾರೆ. ಐದು ನಲವತ್ತೊಂದಕ್ಕೆ ನಾಲ್ಕನೆಯ ಕರೆ, ಬಣ್ಣದ ಕಾರ್ಖಾನೆಯಿಂದ: "ಅಕ್ಕ, ನಮ್ದು ಐದನೇ ವಲಯ ಅಲ್ವಾ. ಸುಟ್ಟಗಾಯದ್ದು ಒತ್ತಿದ್ರೆ ಕಣ್ಣಿಂದು ಬರ್ತಿದೆ."

ಕೋಳಿಯಕ್ಕ ಹಾಳೆ ಬದಿಗಿಟ್ಟು ಕಡತ ತೆರೆಯುತ್ತಾರೆ. ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬರುತ್ತಾರೆ. ಐದನೇ ವಲಯದ ಆ ವಿಚಿತ್ರದ ಸಾಲು ಇದೆ, ಆದರೆ ಅಗಲ ನಿಯಮಕ್ಕಿಂತ ಒಂದು ಸಾಲು ಕೆಳಗೆ. ಶನಿವಾರದ ದಣಿವಿನಲ್ಲಿ ಜಾರಿದೆ. ಅಗಲ ನಿಯಮ ಎಪ್ಪತ್ತಮೂರನ್ನು ಮೊದಲೇ ಬಾಚಿಕೊಂಡು ಕಣ್ಣಿನ ಪುಟಕ್ಕೆ ಒಯ್ದಿದೆ. ಕೆಳಗಿನ ಸಾಲಿಗೆ ಸರದಿಯೇ ಬಂದಿಲ್ಲ. ಅದನ್ನು ಎತ್ತಿ ಮೇಲಿಡುತ್ತಾರೆ. ಒಂದೇ ಒಂದು ಸಾಲಿನ ಜಿಗಿತ. ಉಳಿಸುತ್ತಾರೆ. "ಈಗ ಒತ್ತಮ್ಮ."

ಆ ಕಡೆ ಅಂಕೆ ಒತ್ತುವ ಟಿಕ್ ಟಿಕ್. ಆಮೇಲೆ: "ಬಂತು ಬಂತು! ಸುಟ್ಟಗಾಯ!" ಆ ಮಾತನ್ನು ಯಾರೂ ಇಷ್ಟು ಸಂತೋಷದಲ್ಲಿ ಕೂಗಿರಲಾರರು.

ಐದು ಐವತ್ತೆರಡಕ್ಕೆ ಏಳನೆಯ ಕರೆ. ಗುಂಡಿಮನೆಯವರು ಯಾವಾಗಲೂ ಕೊನೆಗೆ, ಯಾವಾಗಲೂ ಎರಡು ಬಾಗಿಲು ತಟ್ಟುತ್ತಾರೆ. "ಏಳು ಏಳಕ್ಕೇ ಹೋಯ್ತು. ಎಪ್ಪತ್ತೊಂದು ಎಪ್ಪತ್ತೊಂದಕ್ಕೇ ಬಂತು. ಯಾರೂ ಸತ್ತಿಲ್ಲ ಅಕ್ಕ. ನಮ್ಮೋನು ಇಲ್ಲೇ ಕೂತು ಚಹಾ ಕುಡೀತಿದಾನೆ, ಮಾತಾಡ್ತೀರಾ?"

"ಬೇಡಮ್ಮ, ಕುಡೀಲಿ."

ಐದು ಐವತ್ತೇಳಕ್ಕೆ ಫೋನಿಗೆ ಒಂದು ಚಿತ್ರ ಬರುತ್ತದೆ: ವೆಲ್ಡಿಂಗ್ ಶೆಡ್ಡಿನ ಕಪ್ಪು ಗೋಡೆ, ತುಕ್ಕು ತಗಡಿನ ಮೇಲೆ ಬಿಳಿಯ ಚೀಟಿ, ಅದರ ಪಕ್ಕಕ್ಕೆ ಒರಗಿಸಿದ ಪೊರಕೆ. ಕೋಳಿಯಕ್ಕ ಅದನ್ನು ತುಸು ಹೊತ್ತು ನೋಡುತ್ತಾರೆ. ಆರಕ್ಕೆ ಎಂಜಿನಿಯರಿನ ಕರೆ.

"ಮೇಡಂ, ನಾನೂ ಮನೇಲಿ ಕೂತು ಇನ್ನೂರು ವಿಳಾಸ ಒತ್ತಿ ನೋಡಿದೆ. ಒಂದೂ ತಪ್ಪಿಲ್ಲ. ಸಾಹೇಬ್ರಿಗೆ ಹೇಳ್ತೀನಿ, ನಿಮ್ಮ ಕಡತಾನೇ ಇರ್ಲಿ ಅಂತ."

"ಎಡಗೈಲಿ ಒತ್ತಿದ್ಯಾ?"

"...ಎಡಗೈಲೇ ಮೇಡಂ."

ಹೊರಗೆ ಪಾಳಿಯ ಸೈರನ್ನು ಕೂಗುತ್ತದೆ. ಎಲ್ಲೆಲ್ಲೋ ಯಂತ್ರಗಳು ಬಾಯಿ ತೆರೆಯುತ್ತವೆ. ನಾಳೆಯ ಹಾಜರಿ ಪುಸ್ತಕದಲ್ಲಿ ಆಕೆ ಮತ್ತೆ 'ಡೇಟಾ ಎಂಟ್ರಿ'. ಹನ್ನೊಂದನೆಯ ತಿಂಗಳು ಹತ್ತಿರವಿದೆ. ಅದರ ಬಗ್ಗೆ ಕೇಳಿದರೆ, "ಅದು ಬೇರೆ ಜಗಳ. ಅದನ್ನೂ ಚಾಪೆ ಮೇಲೆ ಇಡ್ತೀವಿ," ಎನ್ನುತ್ತಾರೆ.

ನಿಮಗೇನು ಬೇಕು ಎಂದು ಕೇಳಿದರೆ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಯೋಚಿಸುತ್ತಾರೆ. "ಒಂದು ದಿನ ಬೆಳಿಗ್ಗೆ ಬಂದು ನೋಡಿದ್ರೆ 'ಸಿಗಲಿಲ್ಲ' ಪಟ್ಟಿ ಖಾಲಿ ಇರ್ಬೇಕು. ಹತ್ತೊಂಬತ್ತು ವರ್ಷದಲ್ಲಿ ಒಂದ್ಸಲಾನೂ ಇದ್ದಿಲ್ಲ. ಅವತ್ತು ಮನೆಗೆ ಹೋಗಿ ಅಮ್ಮನ ಪಕ್ಕ ಎಂಟು ಗಂಟೆವರೆಗೂ ಮಲಗಿಬಿಡ್ತೀನಿ."

ಹೇಳುತ್ತಲೇ ಹೊಸ ಸರ್ವರಿನ ಪಟ್ಟಿ ತೆರೆಯುತ್ತಾರೆ. ಆರು ಗಂಟೆ ಒಂಬತ್ತು ನಿಮಿಷ. ಒಂದು ಸಾಲು ಬಂದು ಕೂತಿದೆ. ಆ ನಾಲ್ಕು ಸಾವಿರದ ಆರುನೂರ ಹದಿನೆಂಟರಲ್ಲಿ ಎಲ್ಲೂ ಇಲ್ಲದ, ಈವರೆಗೆ ಯಾರೂ ಕೇಳದ ಒಂದು ಹಳೆಯ ವಿಳಾಸ. ಎಲ್ಲೋ ಒಂದು ಗೋಡೆ ಉಳಿದಿದೆ. ಅದರ ಮುಂದೆ ಈಗ ಯಾರೋ ಫೋನು ಹಿಡಿದು ನಿಂತಿದ್ದಾರೆ.

ಕೋಳಿಯಕ್ಕ ನಗುತ್ತಾರೆ. ಆ ವಿಳಾಸವನ್ನು ಅಂಗೈಯಗಲದ ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ ಫೋನು ಎತ್ತುತ್ತಾರೆ. ಭಾನುವಾರದವರೆಗೆ ಕಾಯಲು ಮನಸ್ಸು ಬರುವುದಿಲ್ಲ.

"ಹಲೋ, ಗುಂಡಿಮನೆ? ಇನ್ನೊಂದು ಇದೆ ಕಣಮ್ಮ. ಬರ್ಕೋ."